ಕಲ್ಲಿನ ಮೇಲೊಂದು ನಂಬರ್

ಎಲ್ಲರಿಗೂ ನಮಸ್ಕಾರ. ಟೈಟಾನಿಕ್ ಹೇಗೆ ಮುಳುಗಿತು ಅಂತ ನಾನು ಹೇಳುವುದಿಲ್ಲ, ಅದು ನಿಮಗೆಲ್ಲ ಬಾಯಿಪಾಠ. ಮುಳುಗಿದ ಮೇಲೆ ಸಿಕ್ಕ ಹೆಣಗಳು ಎಲ್ಲಿಗೆ ಹೋದವು ಅನ್ನುವುದಷ್ಟೇ ಇವತ್ತಿನ ಮಾತು. ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ಆ ಸಮಾಧಿಗಳನ್ನು ನೋಡಿ ಬಂದೆ ಅಂತ ಅಮ್ಮನಿಗೆ ಫೋನ್ ಮಾಡಿದರೆ ಅವಳು ಕೇಳಿದ ಮೊದಲ ಪ್ರಶ್ನೆ, "ಬಂದ ಮೇಲೆ ಸ್ನಾನ ಮಾಡಿದೆಯೇನೋ?" ಮಾಡಿರಲಿಲ್ಲ!

ಹಡಗು ಮುಳುಗಿದ್ದು 1912ರ ಏಪ್ರಿಲ್ 15ರಂದು. ಎರಡೇ ದಿನಕ್ಕೆ ಹ್ಯಾಲಿಫ್ಯಾಕ್ಸ್‌ನಿಂದ ಮೆಕೆ-ಬೆನೆಟ್ ಅನ್ನುವ ಹಡಗು ಹೊರಟಿತು. ಅದರ ದಿನನಿತ್ಯದ ಕೆಲಸ ಸಮುದ್ರದಡಿಯ ಟೆಲಿಗ್ರಾಫ್ ಕೇಬಲ್ ರಿಪೇರಿ. ಈ ಸಲ ತುಂಬಿಕೊಂಡದ್ದು ಐಸ್, ಶವಪೆಟ್ಟಿಗೆ, ಕ್ಯಾನ್ವಾಸ್. ಅದಕ್ಕೊಂದೇ 306 ಹೆಣ ಸಿಕ್ಕವು. ತಂದಿದ್ದ ಸಾಮಾನು ಸಾಲಲಿಲ್ಲ. ಆಗ ಏನು ಮಾಡಿದರು ಗೊತ್ತಾ? ಫಸ್ಟ್ ಕ್ಲಾಸಿನವರಿಗೆ ಪೆಟ್ಟಿಗೆ, ಸೆಕೆಂಡ್ ಮತ್ತು ಥರ್ಡ್ ಕ್ಲಾಸಿನವರಿಗೆ ಕ್ಯಾನ್ವಾಸ್ ಚೀಲ, ಹಡಗಿನ ಕೆಲಸಗಾರರಿಗೆ ಬರೀ ಐಸು. ನೂರಕ್ಕೂ ಜಾಸ್ತಿ ಜನರನ್ನು ಮತ್ತೆ ಸಮುದ್ರಕ್ಕೇ ಬಿಟ್ಟರು. ಸತ್ತ ಮೇಲೂ ಟಿಕೆಟ್ ಚೆಕ್ ಮಾಡಿದ ಹಾಗಾಯಿತಲ್ವಾ?

ಆದರೆ ಅದೇ ಜನ ಒಂದು ಕೆಲಸವನ್ನು ತುಂಬ ಶ್ರದ್ಧೆಯಿಂದ ಮಾಡಿದರು. ನೀರಿನಿಂದ ಎತ್ತಿದ ಕ್ರಮದಲ್ಲೇ ಪ್ರತಿ ಹೆಣಕ್ಕೂ ಒಂದು ನಂಬರ್ ಕೊಟ್ಟರು. ಕೂದಲಿನ ಬಣ್ಣ, ಅಂದಾಜು ವಯಸ್ಸು, ಹಚ್ಚೆ, ಜೇಬಿನಲ್ಲಿದ್ದ ವಸ್ತು, ಎಲ್ಲ ಬರೆದುಕೊಂಡರು. ಆ ವಸ್ತುಗಳನ್ನು ಅದೇ ನಂಬರಿನ ಚಿಕ್ಕ ಚೀಲಕ್ಕೆ ಹಾಕಿಟ್ಟರು. ಐದು ವರ್ಷದ ನಂತರ, 1917ರಲ್ಲಿ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಭಾರಿ ಸ್ಫೋಟವಾದಾಗ, ಸತ್ತವರನ್ನು ಗುರುತಿಸಲು ಊರಿನವರ ಕೈಗೆ ಬಂದದ್ದು ಇದೇ ಪದ್ಧತಿ.

ಊರಿನ ಮೂರು ಸ್ಮಶಾನಗಳಲ್ಲಿ ಒಟ್ಟು 150 ಜನರನ್ನು ಹೂಳಿದ್ದಾರೆ. ಅದರಲ್ಲಿ 121 ಫೇರ್‌ವ್ಯೂ ಲಾನ್‌ನಲ್ಲೇ. ಸಣ್ಣ ಬೂದು ಕಲ್ಲುಗಳು, ಸಾಲು ಸ್ವಲ್ಪ ಬಾಗಿದೆ, ಹಡಗಿನ ಮೂತಿಯ ಹಾಗೆ. ಬಗ್ಗಿ ಓದಿದರೆ ಒಂದಷ್ಟು ಕಲ್ಲಿನ ಮೇಲೆ ಹೆಸರಿಲ್ಲ. ತಾರೀಖು ಇದೆ, ಕೆಳಗೆ ನಂಬರ್ ಇದೆ, ಅಷ್ಟೇ.

ಜನ ಸೇರುವುದು ಎರಡು ಕಡೆ. ಒಂದು 227, ಜೆ. ಡಾಸನ್. ಸಿನಿಮಾದ ಜ್ಯಾಕ್ ಇವನೇ ಅಂದುಕೊಂಡು ಹೂವಿಟ್ಟು ಹೋಗುತ್ತಾರೆ. ಪಾಪ, ಇವನು ಜೋಸೆಫ್ ಡಾಸನ್, ಬಾಯ್ಲರ್ ಹತ್ತಿರ ಕಲ್ಲಿದ್ದಲು ಸಾಗಿಸುತ್ತಿದ್ದ ಐರ್ಲೆಂಡಿನ ಹುಡುಗ. ನಿಜ ಹೇಳಬೇಕೆಂದರೆ ನನಗೆ ಆ ಹೂವಿನ ಮೇಲೆ ಸಿಟ್ಟಿಲ್ಲ. ತಪ್ಪು ವಿಳಾಸಕ್ಕೇ ಬಂದಿರಬಹುದು, ಒಬ್ಬ ಕೂಲಿಯವನಿಗೆ ಸಿಕ್ಕಿತಲ್ಲ.

ಇನ್ನೊಂದು ನಂಬರ್ 4. ಗಂಡು ಮಗು. ಯಾರೂ ಕೇಳಿಕೊಂಡು ಬರಲಿಲ್ಲ. ಮೆಕೆ-ಬೆನೆಟ್ ನಾವಿಕರೇ ಕೈಯಿಂದ ದುಡ್ಡು ಹಾಕಿ ಕಲ್ಲು ನಿಲ್ಲಿಸಿ, ಗುರುತು ಸಿಗದ ಮಗು ಅಂತ ಬರೆಸಿದರು. ಸತ್ತವರ ಬಟ್ಟೆಬರೆಗೆ ನೆನಪಿನ ವಸ್ತು ಅಂತ ಜನ ಮುಗಿಬೀಳಬಾರದೆಂದು ಎಲ್ಲ ಸುಟ್ಟುಹಾಕುತ್ತಿದ್ದರು. ಈ ಮಗುವಿನ ಕಂದು ಚರ್ಮದ ಪುಟ್ಟ ಶೂಗಳನ್ನು ಮಾತ್ರ ಸುಡಲು ಒಬ್ಬ ಪೊಲೀಸ್ ಸಾರ್ಜೆಂಟ್‌ಗೆ ಕೈ ಬರಲಿಲ್ಲ, ತನ್ನ ಡ್ರಾಯರಿನಲ್ಲಿ ಇಟ್ಟುಕೊಂಡ. 2002ರಲ್ಲಿ ಡಿಎನ್ಎ ಪರೀಕ್ಷೆ ಇದು ಫಿನ್ಲೆಂಡಿನ 13 ತಿಂಗಳ ಮಗು ಅಂದಿತು. ಆದರೆ ಶೂ ಆ ವಯಸ್ಸಿಗೆ ದೊಡ್ಡದಾಯಿತು! ಮತ್ತೆ ಪರೀಕ್ಷೆ ಮಾಡಿದರು. 2007ರಲ್ಲಿ ಹೆಸರು ಸಿಕ್ಕಿತು: ಸಿಡ್ನಿ ಗುಡ್ವಿನ್, ಇಂಗ್ಲೆಂಡಿನವನು, 19 ತಿಂಗಳು. ಅಪ್ಪ, ಅಮ್ಮ, ಆರು ಮಕ್ಕಳು, ಎಂಟೂ ಜನ ಹೋಗಿದ್ದರು. ಹೆಣ ಸಿಕ್ಕಿದ್ದು ಇವನದೊಂದೇ. ಆ ಶೂಗಳು ಈಗ ಅಲ್ಲಿನ ಮ್ಯಾರಿಟೈಮ್ ಮ್ಯೂಸಿಯಮ್ಮಿನಲ್ಲಿವೆ. ಸಮಾಧಿಗೆ ಹೋಗುವ ಮೊದಲು ಅವನ್ನು ನೋಡಿ.

ಅಲ್ಲಿಗೆ ಹೋದವರು ಇನ್ನೊಂದು ಅರ್ಧ ದಿನ ಇಟ್ಟುಕೊಳ್ಳಿ. ಹತ್ತಿರದಲ್ಲೇ ಟೆರೆನ್ಸ್ ಬೇ ಇದೆ. ಟೈಟಾನಿಕ್‌ನ ಅದೇ ವೈಟ್ ಸ್ಟಾರ್ ಕಂಪನಿಯ ಅಟ್ಲಾಂಟಿಕ್ ಅನ್ನುವ ಹಡಗು 1873ರ ಏಪ್ರಿಲ್ 1ರಂದು ಅಲ್ಲೇ ಬಂಡೆಗೆ ಬಡಿಯಿತು. 500ಕ್ಕೂ ಜಾಸ್ತಿ ಜನ ಸತ್ತರು. ಹೆಂಗಸರಲ್ಲಿ ಒಬ್ಬರೂ ಉಳಿಯಲಿಲ್ಲ, ಮಕ್ಕಳಲ್ಲಿ ಒಬ್ಬನೇ ಹುಡುಗ. 277 ಜನ ಒಂದೇ ಗುಂಡಿಯಲ್ಲಿದ್ದಾರೆ, ಒಬ್ಬೊಬ್ಬರಿಗೆ ಒಂದು ನಂಬರೂ ಇಲ್ಲ, ಎಲ್ಲರಿಗೂ ಸೇರಿ ಒಂದು ಸ್ಮಾರಕ. ನಾನು ಹೋದ ದಿನ ಅಲ್ಲಿದ್ದದ್ದು ನಾನು, ಮತ್ತೆ ನಾಯಿ ವಾಕಿಂಗಿಗೆ ಕರೆತಂದಿದ್ದ ಒಬ್ಬ ಅಜ್ಜ.