ಹಣೆಗೆ ಕಟ್ಟಿದ ಚೆಂಡು: ಬಾಕ್ಸಿಂಗ್ ರಿಫ್ಲೆಕ್ಸ್ ಬಾಲ್ ಆಯ್ಕೆ ಮತ್ತು ಅಭ್ಯಾಸ

ಕೇಳುಗರಿಗೆ ನಮಸ್ಕಾರ.

ತಲೆಗೊಂದು ಪಟ್ಟಿ, ಪಟ್ಟಿಗೊಂದು ಎಲಾಸ್ಟಿಕ್ ದಾರ, ದಾರದ ತುದಿಗೊಂದು ಪುಟ್ಟ ಚೆಂಡು. ಬಾಕ್ಸಿಂಗ್ ರಿಫ್ಲೆಕ್ಸ್ ಬಾಲ್ ಅಂದರೆ ಇಷ್ಟೇ. ಗುದ್ದಿದರೆ ಚೆಂಡು ಹೋಗುತ್ತದೆ, ದಾರ ಅದನ್ನು ಎಳೆದು ತರುತ್ತದೆ, ನೀವು ಮತ್ತೆ ಗುದ್ದಬೇಕು. ಉಕ್ರೇನಿನ ವಸಿಲ್ ಲೊಮಚೆಂಕೊ 2008ರ ಬೀಜಿಂಗ್ ಮತ್ತು 2012ರ ಲಂಡನ್ ಒಲಿಂಪಿಕ್ಸ್‌ ಎರಡರಲ್ಲೂ ಚಿನ್ನ ಗೆದ್ದ ಬಾಕ್ಸರ್. ಅವರು ಟೋಪಿಗೆ ಕಟ್ಟಿದ ಟೆನಿಸ್ ಚೆಂಡನ್ನು ಗುದ್ದುವ ವಿಡಿಯೊಗಳನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ನೋಡಿದವರಿಗೆಲ್ಲ ಆ ಕೈಚಳಕ ಚೆಂಡಿನಿಂದಲೇ ಬಂದಿತೇನೋ ಅನ್ನಿಸುತ್ತದೆ. ಹಾಗೇನಿಲ್ಲ. ಬಾಲ್ಯದಿಂದ ಮಾಡಿದ ನೂರೆಂಟು ಅಭ್ಯಾಸಗಳಲ್ಲಿ ಅದೂ ಒಂದು.

ಈ ಚೆಂಡಿನಿಂದ ಗುದ್ದಿನ ಬಲ ಹೆಚ್ಚುವುದಿಲ್ಲ, ಮೈಕೊಬ್ಬೂ ಅಷ್ಟೇನೂ ಕರಗುವುದಿಲ್ಲ. ಕಣ್ಣಿಗೂ ಕೈಗೂ ಹೊಂದಾಣಿಕೆ ಕೂಡುತ್ತದೆ, ಗುದ್ದು ಸರಿಯಾದ ಕ್ಷಣಕ್ಕೆ ತಲುಪುವ ಅಂದಾಜು ಸಿಗುತ್ತದೆ, ಕೈ ಎತ್ತಿ ಹಿಡಿದೇ ಇರುವ ತಾಳಿಕೆ ಹೆಗಲಿಗೆ ಬರುತ್ತದೆ. ಅದಕ್ಕೂ ಒಂದು ಮಿತಿಯುಂಟು. ಒಂದೇ ದಾರ, ಒಂದೇ ಚೆಂಡು, ಒಂದೇ ಹದದ ಗುದ್ದು ಆದರೆ ಕೆಲವೇ ನಿಮಿಷಗಳಲ್ಲಿ ಮಿದುಳು ತಾಳ ಹಿಡಿದುಬಿಡುತ್ತದೆ. ಆಮೇಲೆ ಕಣ್ಣಿಗೆ ಕೆಲಸವೇ ಇಲ್ಲ, ಕೈ ತಾನಾಗಿ ಓಡುತ್ತಿರುತ್ತದೆ. ನೋಡಲು ಚೆಂದ, ಪ್ರಯೋಜನ ಕಡಿಮೆ. ಚೆಂಡು ಆರಿಸುವಾಗಲೂ ಅಭ್ಯಾಸ ಮಾಡುವಾಗಲೂ ಈ ತಾಳವನ್ನು ಮುರಿಯುವುದು ಹೇಗೆ ಎಂಬುದೇ ಮುಖ್ಯ ಪ್ರಶ್ನೆ.

ಚೆಂಡು ಮರಳುವ ಹೊತ್ತನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಹೊರಟ ಚೆಂಡಿಗೆ ದಾರ ಬಿಗಿಯುವ ಮೊದಲು 50 ಸೆಂಟಿಮೀಟರ್ ದಾರಿ ಇದ್ದರೆ, ಹೋಗಲು ಸೆಕೆಂಡಿನ ಹತ್ತನೇ ಒಂದು ಭಾಗ, ಬರಲು ಸುಮಾರು ಅಷ್ಟೇ. ನಡುವೆ ದಾರ ಹಿಗ್ಗಿ ಕುಗ್ಗುವ ಹೊತ್ತು ಬೇರೆ. ಅಂತೂ ಅರ್ಧ ಸೆಕೆಂಡಿನ ಆಸುಪಾಸು. ಕಣ್ಣಿಗೆ ಕಂಡದ್ದಕ್ಕೆ ಕೈ ಅಲುಗಲು ಸಾಮಾನ್ಯವಾಗಿ ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಬೇಕು. ಅಂದರೆ ನೋಡಿ ಗುದ್ದಲು ಸಮಯ ಇದೆ, ಆದರೆ ಧಾರಾಳವಾಗಿಲ್ಲ. ಚೆಂಡು ಭಾರವಾದಷ್ಟೂ ದಾರವನ್ನು ಹೆಚ್ಚು ಹೊತ್ತು ಎಳೆದುಕೊಂಡು ಹೋಗಿ ನಿಧಾನಕ್ಕೆ ಮರಳುತ್ತದೆ. ದಾರ ಬಿರುಸಾದಷ್ಟೂ, ಗಿಡ್ಡವಾದಷ್ಟೂ ಬೇಗ ಮರಳುತ್ತದೆ.

ಇನ್ನು ಆಯ್ಕೆ. ಮಾರುಕಟ್ಟೆಯ ಸೆಟ್‌ಗಳಲ್ಲಿ ಎರಡು ಮೂರು ಚೆಂಡು ಬರುತ್ತವೆ: ಹಗುರವಾದ ಫೋಮ್ ಚೆಂಡು, ಟೆನಿಸ್ ಚೆಂಡಿನಂಥದ್ದು, ಕೆಲವೊಮ್ಮೆ ಗಟ್ಟಿ ರಬ್ಬರಿನದು ಅಥವಾ ಸಿಲಿಕೋನಿನದು. ಶುರುವಿಗೆ ಫೋಮ್ ಚೆಂಡೇ ಸರಿ. ಮುಖಕ್ಕೆ ಬಡಿದರೂ ನೋವಿಲ್ಲ, ಹಾಗಾಗಿ ಕಣ್ಣು ಮುಚ್ಚುವ ಅಭ್ಯಾಸ ಹತ್ತುವುದಿಲ್ಲ. ಪಂದ್ಯದ ಟೆನಿಸ್ ಚೆಂಡು 56ರಿಂದ 59 ಗ್ರಾಂ ತೂಗುತ್ತದೆ. ಕೈ ಪಳಗಿದ ಮೇಲೆ ಅದು ಒಳ್ಳೆಯದು. ಗಟ್ಟಿ ಚೆಂಡನ್ನು ಡಬ್ಬಿಯಲ್ಲೇ ಬಿಡಿ. ಅದು ಬೆರಳ ಗೆಣ್ಣುಗಳನ್ನು ನೋಯಿಸುತ್ತದೆ, ಕಣ್ಣಿಗೂ ಅಪಾಯ. ಅದರಿಂದ ಹೆಚ್ಚಿಗೆ ಕಲಿಯುವುದೂ ಏನಿಲ್ಲ.

ಚೆಂಡಿಗಿಂತ ಪಟ್ಟಿಯನ್ನು ಹೆಚ್ಚು ಪರೀಕ್ಷಿಸಿ. ಸಿಲಿಕೋನ್ ಪಟ್ಟಿ ತೊಳೆಯಲು ಸುಲಭ, ಆದರೆ ಮಂಗಳೂರಿನಂಥ ಸೆಕೆಯಲ್ಲಿ ಬೆವರಿಗೆ ಜಾರುತ್ತದೆ. ಬಟ್ಟೆಯ ಪಟ್ಟಿ ಬೆವರು ಹೀರುತ್ತದೆ, ವಾರಕ್ಕೆರಡು ಸಲ ಒಗೆಯಬೇಕು. ವೆಲ್ಕ್ರೋ ಇದ್ದರೆ ಅದರಲ್ಲಿ ಸಿಕ್ಕಿಕೊಂಡ ಕೂದಲು, ನೂಲು ತೆಗೆಯುತ್ತಿರಿ, ಇಲ್ಲದಿದ್ದರೆ ಹಿಡಿತ ಹೋಗುತ್ತದೆ. ದಾರ ಸೇರುವ ಜಾಗದಲ್ಲಿ ಹಣೆಯ ಮೇಲೆ ಲೋಹದ ಕೊಕ್ಕೆ ಇರುವುದನ್ನು ಕೊಳ್ಳಬೇಡಿ. ಕಿತ್ತು ಬಂದರೆ ಹುಬ್ಬು ಹರಿಯುತ್ತದೆ. ದಾರ ಹೆಣೆದ ನೂಲಿನ ಹೊದಿಕೆಯದಾಗಿದ್ದರೆ ಸವೆತ ಕಣ್ಣಿಗೆ ಕಾಣುತ್ತದೆ. ಬರೀ ರಬ್ಬರಿನದು ಮುನ್ಸೂಚನೆಯಿಲ್ಲದೆ ತುಂಡಾಗುತ್ತದೆ. ಹೆಚ್ಚುವರಿ ದಾರ ಕೊಡುವ ಸೆಟ್ ಸಿಕ್ಕರೆ ಅದನ್ನೇ ಆರಿಸಿ, ಏಕೆಂದರೆ ಮೊದಲು ಹಾಳಾಗುವುದು ದಾರವೇ.

ಮನೆಯಲ್ಲೂ ಮಾಡಿಕೊಳ್ಳಬಹುದು. ಕ್ರಿಕೆಟ್ ಆಡುವ ಲೈಟ್ ಟೆನಿಸ್ ಬಾಲ್ ತನ್ನಿ. ಹೆವಿ ಬಾಲ್ ಎಂದು ಮಾರುವುದು ಬೇಡ, ಅದರ ಭಾರಕ್ಕೆ ದಾರವೂ ಮುಖವೂ ಎರಡೂ ಉಳಿಯುವುದಿಲ್ಲ. ಹೊಲಿಗೆ ಸಾಮಾನಿನ ಅಂಗಡಿಯಲ್ಲಿ 3 ಮಿಲಿಮೀಟರ್ ದಪ್ಪದ ದುಂಡು ಎಲಾಸ್ಟಿಕ್ ಒಂದೂವರೆ ಮೀಟರ್ ಕೊಳ್ಳಿ. ಚೆಂಡಿಗೆ ದಬ್ಬಳದಿಂದ ಎದುರುಬದುರಾಗಿ ಎರಡು ತೂತು ಹಾಕಿ, ಎಲಾಸ್ಟಿಕ್ ತೂರಿಸಿ, ಹೊರಬಂದ ತುದಿಗೆ ಅಂಗಿಯ ಗುಂಡಿ ಪೋಣಿಸಿ ಎರಡು ಗಂಟು ಹಾಕಿ. ಗುಂಡಿ ಇಲ್ಲದಿದ್ದರೆ ಗಂಟು ತೂತಿನೊಳಗೆ ನುಸುಳಿ ಚೆಂಡು ಹಾರಿಹೋಗುತ್ತದೆ. ಗುಂಡಿಯಿರುವ ಬದಿಯೇ ಮುಷ್ಟಿಗೆ ಸಿಗುವ ಬದಿ, ಅದಕ್ಕೇ ತೆಳುವಾದ ಪ್ಲಾಸ್ಟಿಕ್ ಗುಂಡಿ ಸಾಕು, ಅದರ ಮೇಲೊಂದು ಬಟ್ಟೆಯ ಟೇಪ್ ಅಂಟಿಸಿ. ಇನ್ನೊಂದು ತುದಿಯನ್ನು ಕ್ಯಾಪಿನ ಅಂಚಿಗೆ ಹೊಲಿಯಿರಿ. ಕ್ಯಾಪಿನ ಮೂತಿ ಹಿಂದಕ್ಕೆ ಬರಲಿ.

ಪಟ್ಟಿ ಹುಬ್ಬಿಗಿಂತ ಎರಡು ಬೆರಳು ಮೇಲೆ, ಕಿವಿಗಳ ಮೇಲಿನಿಂದ ಹಾದು, ತಲೆಯ ಹಿಂಭಾಗದ ಉಬ್ಬಿನ ಕೆಳಗೆ ಕೂರಬೇಕು. ಉಬ್ಬಿನ ಮೇಲೆ ಕೂತರೆ ಜಾರುತ್ತದೆ. ದಾರ ಹಣೆಯ ನಟ್ಟನಡುವಿನಿಂದ ಇಳಿಯಲಿ. ಓರೆಯಾದರೆ ಪ್ರತಿ ಗುದ್ದೂ ಒಂದೇ ಪಕ್ಕಕ್ಕೆ ಓಡುತ್ತದೆ, ಜನ ತಮ್ಮ ಕೈಯನ್ನೇ ಬೈದುಕೊಳ್ಳುತ್ತಾರೆ. ನೇರ ನಿಂತಾಗ ಚೆಂಡು ಹೊಕ್ಕುಳಿಗೂ ಸೊಂಟಕ್ಕೂ ನಡುವೆ ತೂಗಲಿ. ಅದಕ್ಕಿಂತ ಗಿಡ್ಡ ದಾರಕ್ಕೆ ಕೈ ಪೂರ್ತಿ ಚಾಚಲಾಗುವುದಿಲ್ಲ, ಉದ್ದವಾದರೆ ಚೆಂಡು ಮೊಣಕಾಲಿನತ್ತ ಬೀಳುತ್ತದೆ.

ನಿಲ್ಲುವ ಜಾಗದ ಸುತ್ತ ಎರಡು ಮೀಟರ್ ಖಾಲಿಯಿರಲಿ. ಮೇಲೆ ಸೀಲಿಂಗ್ ಫ್ಯಾನ್ ತಿರುಗುತ್ತಿರಬಾರದು. ಎದುರಿಗೆ ಚೆಂಡಿನ ಬಣ್ಣಕ್ಕೆ ವಿರುದ್ಧ ಬಣ್ಣದ ಖಾಲಿ ಗೋಡೆ ಇದ್ದರೆ ಉತ್ತಮ. ಕನ್ನಡಕ ತೆಗೆದಿಡಿ. ಕಣ್ಣಿನ ಶಸ್ತ್ರಚಿಕಿತ್ಸೆ ಆದವರು, ರೆಟಿನಾ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬೇಡಿ. ಮಕ್ಕಳಿಗೆ ಫೋಮ್ ಚೆಂಡು ಮಾತ್ರ, ಅದೂ ದೊಡ್ಡವರ ಎದುರಿಗೆ, ಏಕೆಂದರೆ ದಾರ ಕುತ್ತಿಗೆಗೆ ಸುತ್ತಿಕೊಳ್ಳಬಹುದು.

ಈಗ ಅಭ್ಯಾಸ. ಬಲಗೈಯವರು ಎಡಗಾಲು ಮುಂದಿಟ್ಟು, ಮಂಡಿ ಸ್ವಲ್ಪ ಬಾಗಿಸಿ, ಗದ್ದ ತಗ್ಗಿಸಿ ನಿಲ್ಲಿ. ಎರಡೂ ಕೈ ಕೆನ್ನೆಯ ಮಟ್ಟದಲ್ಲಿ. ತೂಗುತ್ತಿರುವ ಚೆಂಡನ್ನು ಕೆಳಗಿನಿಂದ ಹೊಡೆದು ಎಬ್ಬಿಸುವುದು ಎಲ್ಲರೂ ಮಾಡುವ ಮೊದಲ ತಪ್ಪು. ಅದರಿಂದ ಕೈ ಸೊಂಟದಿಂದ ಹೊರಡುವುದನ್ನು ಕಲಿಯುತ್ತದೆ, ರಿಂಗ್‌ನಲ್ಲಿ ಮುಖ ಬಯಲಾಗುತ್ತದೆ. ಬಲಗೈಯಲ್ಲಿ ಚೆಂಡು ಹಿಡಿದು ಗದ್ದದ ಮಟ್ಟದಿಂದ ಮುಂದಕ್ಕೆ ಬಿಡಿ, ಎಡಗೈಯಿಂದ ಮೊದಲ ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಗುದ್ದು, ಕೊಡಿ.

ಮೊದಲ ಕೆಲವು ದಿನ ಮುಷ್ಟಿ ಬೇಡ, ಅಂಗೈಯಿಂದ ತಟ್ಟಿ. ಒಂದು ತಟ್ಟು, ಮರಳಿದ್ದನ್ನು ಹಿಡಿಯಿರಿ. ಆಮೇಲೆ ಎರಡು ತಟ್ಟು, ಹಿಡಿಯಿರಿ. ಒಂದೇ ಕೈಯಲ್ಲಿ ಹತ್ತು ಬಂದ ಮೇಲೆ ಎಡ, ಬಲ ಬದಲಿಸಿ. ಅದಾದ ಮೇಲೆ ಮುಷ್ಟಿ. ಹೆಬ್ಬೆರಳು ಹೊರಗೆ, ಮಣಿಕಟ್ಟು ನೆಟ್ಟಗೆ, ತೋರುಬೆರಳು ಮತ್ತು ನಡುಬೆರಳಿನ ಗೆಣ್ಣು ಚೆಂಡಿಗೆ ತಾಗಬೇಕು. ಗ್ಲೌಸ್ ಬೇಡ. ದೊಡ್ಡ ಗ್ಲೌಸಿಗೆ ಚೆಂಡು ಹೇಗೂ ತಾಗುತ್ತದೆ, ಎಲ್ಲಿ ತಾಗಿತು ಎಂಬುದು ಗೊತ್ತಾಗುವುದಿಲ್ಲ.

ಬಲ ಎಷ್ಟು? ನಿಮ್ಮ ಪೂರ್ತಿ ಗುದ್ದಿನ ಕಾಲು ಭಾಗ ಸಾಕು. ದಾರ ಎಳೆಯುವುದು ಯಾವಾಗಲೂ ಹಣೆಯತ್ತ, ಚೆಂಡನ್ನು ಕೆಳಕ್ಕೆ ಜಗ್ಗುವುದು ಭೂಮಿ. ಮೆಲ್ಲಗೆ ಹೊಡೆದಾಗ ಇವೆರಡೂ ಸರಿದೂಗಿ ಚೆಂಡು ಎದೆ, ಗದ್ದದ ಎತ್ತರಕ್ಕೆ ಮರಳುತ್ತದೆ. ಜೋರಾಗಿ ಹೊಡೆದರೆ ದಾರ ಗೆದ್ದು ಚೆಂಡು ನೇರ ಮೂಗಿಗೆ ಬರುತ್ತದೆ. ಚೆಂಡು ಮೇಲೆ ಹಾರುತ್ತಿದ್ದರೆ ಅದರ ಕೆಳಭಾಗಕ್ಕೆ ಹೊಡೆಯುತ್ತಿದ್ದೀರಿ, ಪಾದದತ್ತ ಬೀಳುತ್ತಿದ್ದರೆ ಮೇಲ್ಭಾಗಕ್ಕೆ. ಮೊಣಕೈಯನ್ನು ಕೊನೆಯವರೆಗೆ ಝಾಡಿಸಬೇಡಿ. ಚೆಂಡು ತಪ್ಪಿದಾಗ ತಡೆಯಲು ಎದುರು ಏನೂ ಇರುವುದಿಲ್ಲ, ಕೀಲಿಗೇ ಏಟು.

ಆರಂಭದಲ್ಲಿ ಒಂದು ನಿಮಿಷ ಅಭ್ಯಾಸ, ಅರ್ಧ ನಿಮಿಷ ವಿಶ್ರಾಂತಿ, ಹೀಗೆ ಐದು ಸಲ. ಕ್ರಮೇಣ ಬಾಕ್ಸಿಂಗ್ ಲೆಕ್ಕಕ್ಕೇ ಬನ್ನಿ: 3 ನಿಮಿಷದ ರೌಂಡ್, 1 ನಿಮಿಷ ಬಿಡುವು, ಮೂರು ರೌಂಡ್. ಸ್ಕಿಪ್ಪಿಂಗ್ ಮುಗಿಸಿ ಮೈ ಬಿಸಿಯಾದ ಮೇಲೆ, ಭಾರದ ಬ್ಯಾಗ್‌ಗೆ ಹೋಗುವ ಮೊದಲು ಇದನ್ನು ಮಾಡಿ. ದಣಿದ ಕೈಗೆ ಸೂಕ್ಷ್ಮ ಅಳತೆ ಕೂಡುವುದಿಲ್ಲ. ರೌಂಡ್ ಮುಗಿದಾಗಲೆಲ್ಲ ಚೆಂಡನ್ನು ಸುಮ್ಮನೆ ತೂಗಲು ಬಿಡಿ, ತಿರುಚಿಕೊಂಡ ದಾರ ಬಿಚ್ಚಿಕೊಳ್ಳಲಿ. ತಿರುಚಿದ ದಾರ ಗಿಡ್ಡವಾಗಿ ಅಳತೆ ಕೆಡಿಸುತ್ತದೆ.

ತಾಳ ಸಿಕ್ಕಿತು ಅನ್ನಿಸಿದ ಕ್ಷಣವೇ ಮುರಿಯಿರಿ. ಎರಡು ಮೆಲು ಗುದ್ದು, ಒಂದು ಬಿರುಸು. ಮೂರು ಎಡಗೈ, ಒಂದು ಬಲಗೈ. ಬೇಕೆಂದೇ ಚೆಂಡಿನ ಅಂಚಿಗೆ ಹೊಡೆದು ಪಕ್ಕಕ್ಕೆ ಕಳಿಸಿ, ಹೆಜ್ಜೆ ಸರಿಸಿ ಅದರ ಎದುರು ಬನ್ನಿ. ಒಮ್ಮೆ ಮರಳಿ ಬಂದ ಚೆಂಡನ್ನು ಗುದ್ದದೆ ಅಂಗೈಯಿಂದ ತಡೆಯಿರಿ. ರೌಂಡ್ ನಡುವೆ ಫೋಮ್ ಚೆಂಡು ಬಿಚ್ಚಿ ಟೆನಿಸ್ ಚೆಂಡು ಕಟ್ಟಿದರೂ ಮರಳುವ ಹೊತ್ತು ಬದಲಾಗುತ್ತದೆ. ಐವತ್ತು, ನೂರು ಎಂದು ಎಣಿಸುವ ಚಟ ಬೇಡ. ಎಣಿಕೆ ಉಳಿಸಿಕೊಳ್ಳಲು ಜನ ಸುಲಭದ ಗುದ್ದಿಗೇ ಅಂಟಿಕೊಳ್ಳುತ್ತಾರೆ.

ಇದರಿಂದ ಕಲಿಯಲಾಗದ್ದೊಂದಿದೆ, ತಲೆ ತಪ್ಪಿಸುವುದು. ದಾರ ನಿಮ್ಮ ಹಣೆಗೇ ಕಟ್ಟಿರುವುದರಿಂದ ತಲೆ ಸರಿದ ಕಡೆಗೆ ಚೆಂಡೂ ಬರುತ್ತದೆ. ಅದನ್ನು ತಡೆಯಲು ಹೋಗಿ ಕುತ್ತಿಗೆ ಸೆಟೆದು, ಗದ್ದ ಮೇಲೆತ್ತಿ ನಿಲ್ಲುವವರೇ ಹೆಚ್ಚು. ವಾರಕ್ಕೊಮ್ಮೆ ಕನ್ನಡಿಯ ಮುಂದೆ ನಿಂತು ಗದ್ದ ನೋಡಿಕೊಳ್ಳಿ. ಸ್ಲಿಪ್, ಅಂದರೆ ತಲೆ ಸರಿಸಿ ಗುದ್ದು ತಪ್ಪಿಸುವುದನ್ನು, ಕಲಿಯಲು ಡಬಲ್ ಎಂಡ್ ಬ್ಯಾಗ್ ಬೇಕು, ಅಂದರೆ ಮೇಲಕ್ಕೂ ನೆಲಕ್ಕೂ ಎಲಾಸ್ಟಿಕ್ ಕಟ್ಟಿ ಗದ್ದದ ಎತ್ತರದಲ್ಲಿ ನಿಲ್ಲಿಸಿದ ಗಾಳಿ ತುಂಬಿದ ಚೆಂಡು. ಅದು ನಿಮ್ಮ ತಲೆಯ ಜೊತೆ ಚಲಿಸುವುದಿಲ್ಲ. ತಪ್ಪಿಸಿಕೊಳ್ಳದಿದ್ದರೆ ಬಡಿಯುತ್ತದೆ.

ಕೊನೆಯದಾಗಿ ದಾರದ ಆರೈಕೆ. ಪ್ರತಿ ಸಲ ಕಟ್ಟುವ ಮೊದಲು ದಾರವನ್ನು ಮುಖದಿಂದ ದೂರ ಹಿಡಿದು ಒಮ್ಮೆ ಪೂರ್ತಿ ಎಳೆದು ನೋಡಿ. ಅದು ಸವೆಯುವುದು ಚೆಂಡಿನ ತೂತಿನ ಬಾಯಲ್ಲಿ. ಹೊದಿಕೆಯ ನೂಲು ಬಿರಿದು ಒಳಗಿನ ರಬ್ಬರ್ ಕಂಡರೆ ಅಲ್ಲಿಗೆ ಕತ್ತರಿಸಿ ಹೊಸ ಗಂಟು ಹಾಕಿ, ಉದ್ದವನ್ನು ಮತ್ತೆ ಅಳೆದುಕೊಳ್ಳಿ. ಎರಡನೇ ಸಲ ಹಾಗಾದರೆ ದಾರವನ್ನೇ ಬದಲಿಸಿ. ಬಿಸಿಲು ಬೀಳುವ ಕಿಟಕಿಯ ಮೊಳೆಗೆ ತೂಗುಹಾಕಬೇಡಿ, ರಬ್ಬರ್ ಒಣಗಿ ಬಿರುಕು ಬಿಡುತ್ತದೆ. ಬೆವರು ಒರೆಸಿ, ನೆರಳಲ್ಲಿ ಆರಿಸಿ, ದಾರ ಸಡಿಲವಾಗಿ ಸುತ್ತಿ ಡಬ್ಬಿಯಲ್ಲಿಡಿ.

ನಮಸ್ಕಾರ.