ಬಿಡ್ತು ಅನ್ನಿ

ಕೇಳುಗರಿಗೆಲ್ಲ ನಮಸ್ಕಾರ.

ಹೋದ ಡಿಸೆಂಬರ್‌ನ ಕೊನೆಯ ವಾರ. ತುಮಕೂರಿನ ಬಿ.ಎಚ್. ರಸ್ತೆಯ ಪಕ್ಕ ಒಂದು ಟೀ ಅಂಗಡಿ. ಬೆಳಿಗ್ಗೆ ಚಳಿ ಜಾಸ್ತಿ ಇತ್ತು. ಪಕ್ಕದ ಬೆಂಚಿನಲ್ಲಿ ನಾಲ್ಕು ಜನ ಹುಡುಗರು ಒಂದೇ ಮೊಬೈಲಿನ ಮೇಲೆ ಬಗ್ಗಿಕೊಂಡು ಹೆಸರು ಬರೆಯುತ್ತಿದ್ದರು. ಕ್ರಿಕೆಟ್ ತಂಡ ಕಟ್ಟುತ್ತಿರಬೇಕು ಅಂದುಕೊಂಡೆ. ಅಷ್ಟರಲ್ಲಿ ಒಬ್ಬ ಹಳೆಯ ಕಾಲದ ನಟಿಯೊಬ್ಬರ ಹೆಸರು ಹೇಳಿದ. ಇನ್ನೊಬ್ಬ, "ಅವರಿಗೆ ಎಂಬತ್ತೆಂಟು ಕಣೋ, ಹನ್ನೆರಡೇ ಪಾಯಿಂಟ್ ಸಿಗೋದು" ಅಂದ. ಆಗ ಅರ್ಥವಾಯಿತು. ಬರುವ ವರ್ಷ ಯಾವ ಯಾವ ಗಣ್ಯರು ತೀರಿಕೊಳ್ಳುತ್ತಾರೆ ಅನ್ನುವ ಪಟ್ಟಿ ಅದು. ಪಟ್ಟಿಯಲ್ಲಿದ್ದವರು ಹೋದರೆ, ನೂರರಲ್ಲಿ ಅವರ ವಯಸ್ಸು ಕಳೆದು ಉಳಿದಷ್ಟು ಪಾಯಿಂಟ್. ಗೆದ್ದವನಿಗೆ ಮಿಕ್ಕವರು ಬಿರಿಯಾನಿ ಕೊಡಿಸಬೇಕು.

"ಬಿಡ್ತು ಅನ್ನಪ್ಪ" ಅಂದುಬಿಟ್ಟೆ. ತಾನಾಗಿ ಬಾಯಿಂದ ಬಂತು. ಹುಡುಗ ತಿರುಗಿ ನೋಡಿ, "ಹಂಗಂದ್ರೆ ಏನ್ ಸಾರ್?" ಅಂತ ಕೇಳಿದ. ನಿಜವಾಗಿಯೂ ಗೊತ್ತಿರಲಿಲ್ಲ ಅವನಿಗೆ.

ನಮ್ಮ ಮನೆಯಲ್ಲಿ ಈ ಮಾತನ್ನು ದಿನಕ್ಕೆ ಎರಡು ಸಲವಾದರೂ ಕೇಳುತ್ತಿದ್ದೆವು. ನಮ್ಮದು ಗುಬ್ಬಿ ತಾಲ್ಲೂಕಿನ ಹಳ್ಳಿ. ಯಾರಾದರೂ ಸಾವಿನ ಮಾತು, ಕೆಟ್ಟ ಮಾತು ಆಡಿದರೆ ನಮ್ಮಜ್ಜಿ ಕೈಯಲ್ಲಿದ್ದ ಮೊರವನ್ನು ಹಾಗೇ ನಿಲ್ಲಿಸಿ "ಬಿಡ್ತು ಅನ್ನು" ಅನ್ನುತ್ತಿದ್ದಳು. ಆಡಿದವರು "ಬಿಡ್ತು" ಅನ್ನುವವರೆಗೆ ಮೊರ ಮತ್ತೆ ಅಲುಗುತ್ತಿರಲಿಲ್ಲ. ಅಸ್ತು ದೇವತೆಗಳು ಮನೆ ಮೇಲೇ ಓಡಾಡುತ್ತಿರುತ್ತಾರೆ, ನಾವು ಆಡಿದ್ದಕ್ಕೆ "ಅಸ್ತು" ಅಂದುಬಿಟ್ಟರೆ ಆಗಿಹೋಗುತ್ತದೆ ಅನ್ನುವುದು ಅವಳ ನಂಬಿಕೆ. ನನಗೆ ಅಸ್ತು ದೇವತೆಗಳಲ್ಲಿ ನಂಬಿಕೆ ಇಲ್ಲ. ಆದರೆ ಆ ಎರಡು ಪದಗಳನ್ನು ಬಿಡಲು ಮನಸ್ಸಿಲ್ಲ.

ಆದರೂ ಹುಡುಗರನ್ನು ಗದರಲು ನನಗೆ ಬಾಯಿ ಬರಲಿಲ್ಲ. ಯಾಕೆಂದರೆ ನಾನೂ ಇಂಥ ಪಟ್ಟಿ ಬರೆದವನೇ. ಇದೇ ಊರಿನಲ್ಲಿ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದ್ದೇನೆ. ಡಿಸೆಂಬರ್ ಬಂತೆಂದರೆ ಒಂದು ಹಳೇ ಫೈಲ್ ಕೆಳಗಿಳಿಯುತ್ತಿತ್ತು. ವಯಸ್ಸಾದ ಸಾಹಿತಿಗಳು, ರಾಜಕಾರಣಿಗಳು, ಕಲಾವಿದರು, ಮಠಾಧೀಶರು. ಯಾರ ಫೋಟೊ ಇದೆ, ಯಾರದ್ದು ಇಲ್ಲ? ಯಾರ ಬಗ್ಗೆ ಬರಹ ಸಿದ್ಧವಿದೆ? ಯಾರು ಆಸ್ಪತ್ರೆಗೆ ಸೇರಿದ್ದಾರೆ? ರಾತ್ರಿ ಹನ್ನೊಂದಕ್ಕೆ ಸುದ್ದಿ ಬಂದರೆ ಹನ್ನೊಂದೂವರೆಗೆ ಪುಟ ಹೋಗಬೇಕು. ಹಾಗಾಗಿ ಮೊದಲೇ ಬರೆದಿಡುತ್ತಾರೆ. ಎಲ್ಲ ಪತ್ರಿಕೆಯವರೂ ಮಾಡುವ ಕೆಲಸ ಇದು, ತಪ್ಪೇನಲ್ಲ. ಆದರೆ ಬದುಕಿರುವವರ ಬಗ್ಗೆ "ಇದ್ದರು", "ಬರೆದಿದ್ದರು", "ಹಾಡುತ್ತಿದ್ದರು" ಅಂತ ಬರೆಯುವಾಗ ಕೈ ಒಂದು ಕ್ಷಣ ತಡೆಯುತ್ತದೆ. ನನಗಂತೂ ಕೊನೆಯವರೆಗೂ ತಡೆಯಿತು.

ಆ ಫೈಲಿನಲ್ಲಿ ಎಲ್ಲಕ್ಕಿಂತ ದಪ್ಪ ಇದ್ದ ಲಕೋಟೆ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳದ್ದು. ಅವರು ಹುಟ್ಟಿದ್ದು 1907ರ ಏಪ್ರಿಲ್ 1. 1997ರಲ್ಲಿ ಅವರಿಗೆ ತೊಂಬತ್ತು ತುಂಬಿದಾಗ ನಮ್ಮ ಹಿರಿಯ ಉಪಸಂಪಾದಕರೊಬ್ಬರು ಒಂದು ಪೂರ್ತಿ ಪುಟಕ್ಕಾಗುವಷ್ಟು ಬರೆದಿಟ್ಟರು. ಸ್ವಾಮಿಗಳು ಮಾತ್ರ ಬೆಳಗಿನ ಜಾವ ಎದ್ದು ಪೂಜೆ ಮಾಡಿ, ಮಕ್ಕಳ ಪ್ರಾರ್ಥನೆಗೆ ಬಂದು ಕೂರುತ್ತಿದ್ದರು. 2007ರಲ್ಲಿ ನೂರು ತುಂಬಿತು. ಅದೇ ವರ್ಷ ಕರ್ನಾಟಕ ರತ್ನ ಬಂತು. ಪುಟವನ್ನು ತಿದ್ದಬೇಕಾಯಿತು. 2015ರಲ್ಲಿ ಪದ್ಮಭೂಷಣ. ಮತ್ತೆ ತಿದ್ದಿದೆವು. ಅಷ್ಟು ಹೊತ್ತಿಗೆ ಮೊದಲು ಬರೆದಿಟ್ಟ ಹಿರಿಯರೇ ಇರಲಿಲ್ಲ. ಅವರ ಕೈಬರಹದ ಹಾಳೆಗಳು ಮಾತ್ರ ಲಕೋಟೆಯಲ್ಲಿದ್ದವು. ಸ್ವಾಮಿಗಳ ನಿಧನಕ್ಕೆ ಬರೆದವರ ನಿಧನ ವಾರ್ತೆಯನ್ನು ನಾನೇ ಬರೆದೆ, ಎರಡು ಕಾಲಮ್ಮು.

2019ರ ಜನವರಿ ನಿಮಗೆಲ್ಲ ನೆನಪಿರಬೇಕು. ನನ್ನ ಮೊಬೈಲಿಗೆ ಎಷ್ಟು ಮೆಸೇಜು! "ಹೋಗಿಬಿಟ್ಟರಂತೆ, ಹೇಳ್ತಾ ಇಲ್ಲವಂತೆ." ಮಠದ ಮುಂದೆ ಜನ ಸುಮ್ನೆ ಕುಳಿತಿದ್ದರು. ಜನವರಿ 21, ಸೋಮವಾರ, ಬೆಳಿಗ್ಗೆ 11.44ಕ್ಕೆ ಸ್ವಾಮಿಗಳು ಲಿಂಗೈಕ್ಯರಾದರು. ಮಠದ ಮಕ್ಕಳ ಊಟ ಮುಗಿದ ಮೇಲೆ ಸುದ್ದಿ ಹೊರಗೆ ಬಂತು. ಮಕ್ಕಳು ಹಸಿದುಕೊಂಡು ಅಳಬಾರದು ಅಂತ. ನೂರಾ ಹನ್ನೊಂದು ವರ್ಷದ ಬದುಕು. ಇಪ್ಪತ್ತೆರಡು ವರ್ಷದಿಂದ ತಿದ್ದಿಕೊಂಡು ಬಂದ ನಮ್ಮ ಪುಟದಲ್ಲಿ ಆ ಊಟದ ವಿಷಯ ಇರಲಿಲ್ಲ. ಅದೇ ಮರುದಿನ ಎಲ್ಲರ ಬಾಯಲ್ಲೂ ಇದ್ದ ಮಾತು.

ಗುಬ್ಬಿ ತಾಲ್ಲೂಕಿನಲ್ಲೇ ಹುಟ್ಟಿದ ಸಾಲುಮರದ ತಿಮ್ಮಕ್ಕನವರ ಹೆಸರೂ ಹೀಗೇ ವರ್ಷ ವರ್ಷ ಆ ಫೈಲಿನಲ್ಲಿ ಉಳಿದುಕೊಂಡು ಬಂತು. ಹುಲಿಕಲ್‌ನಿಂದ ಕುದೂರಿನ ಕಡೆಗೆ ರಸ್ತೆ ಬದಿಯಲ್ಲಿ ಆಲದ ಗಿಡ ನೆಟ್ಟು ನೀರು ಹೊತ್ತ ತಾಯಿ. ಅವರು ಹೋಗಿದ್ದು 2025ರ ನವೆಂಬರ್ 14ರಂದು, 114 ವರ್ಷವಾಗಿತ್ತು ಅನ್ನುತ್ತಾರೆ. ನಮ್ಮ ಕಡೆಯ ನೆಲದ ಗುಣವೋ ಏನೋ, ಗೊತ್ತಿಲ್ಲ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರೂ ನೂರು ದಾಟಿದ ಮೇಲೆ, 1962ರ ಏಪ್ರಿಲ್‌ನಲ್ಲಿ ಹೋದರು. ಅವರು ಬದುಕಿದ್ದಾಗಲೇ, 1960ರಲ್ಲಿ, ಅವರ ಮುಖ ಇರುವ ಅಂಚೆ ಚೀಟಿ ಬಂದಿತ್ತು.

ಈಗ ಲೆಕ್ಕದ ಮಾತಿಗೆ ಬರೋಣ. ಹುಡುಗರ ಪಟ್ಟಿಯಲ್ಲಿ ಕೆಲವು ಹೆಸರು ನಿಜವಾಗುತ್ತವೆ, ಆಗಿಯೇ ಆಗುತ್ತವೆ. ಅದರಲ್ಲಿ ದಿವ್ಯದೃಷ್ಟಿ ಏನೂ ಇಲ್ಲ. ಬೆಂಜಮಿನ್ ಗಾಂಪರ್ಟ್ಜ್ ಅನ್ನುವ ಇಂಗ್ಲಿಷ್ ಗಣಿತಜ್ಞ 1825ರಲ್ಲೇ ಒಂದು ಸಂಗತಿ ತೋರಿಸಿಕೊಟ್ಟ. ವಯಸ್ಸಿನ ಜೊತೆ ಸಾವಿನ ಸಂಭವ ಒಂದೇ ಸಮ ಏರುವುದಿಲ್ಲ, ದುಪ್ಪಟ್ಟು ದುಪ್ಪಟ್ಟಾಗಿ ಏರುತ್ತದೆ. ಇವತ್ತಿನ ಲೆಕ್ಕದಲ್ಲಿ ಸುಮಾರು ಎಂಟು ವರ್ಷಕ್ಕೊಮ್ಮೆ ದುಪ್ಪಟ್ಟು. ಮುಂದುವರಿದ ದೇಶಗಳ ಜೀವವಿಮೆ ಕೋಷ್ಟಕ ನೋಡಿದರೆ, ತೊಂಬತ್ತು ತುಂಬಿದ ನೂರು ಜನರಲ್ಲಿ ಒಂದು ವರ್ಷದೊಳಗೆ ಸುಮಾರು 15 ಜನ ತೀರಿಕೊಳ್ಳುತ್ತಾರೆ. ಅಂದರೆ ತೊಂಬತ್ತು ವರ್ಷದ ಐವತ್ತು ಗಣ್ಯರ ಹೆಸರನ್ನು ಕಣ್ಣು ಮುಚ್ಚಿ ಬರೆದರೂ ಏಳೆಂಟು ನಿಜವಾಗುತ್ತವೆ. ಇಂಗ್ಲೆಂಡಿನಲ್ಲಿ 1987ರಿಂದ ಪ್ರತಿವರ್ಷ ಐವತ್ತು ಹೆಸರಿನ ಪಟ್ಟಿ ಮಾಡುವವರಿದ್ದಾರೆ. ನಮ್ಮಲ್ಲಿ ಯುಗಾದಿಗೋ ಹೊಸ ವರ್ಷಕ್ಕೋ "ಈ ಸಾಲಿನಲ್ಲಿ ಗಣ್ಯರೊಬ್ಬರ ಸಾವು" ಅಂತ ಟಿವಿಯಲ್ಲಿ ಹೇಳುವವರಿದ್ದಾರೆ. ಗಣ್ಯರೊಬ್ಬರೂ ಸಾಯದ ವರ್ಷ ಯಾವುದಾದರೂ ಬಂದಿದೆಯಾ, ನೀವೇ ಹೇಳಿ. ಗೌರಿಬಿದನೂರು ತಾಲ್ಲೂಕು ಹೊಸೂರಿನ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡ ಮೂಢನಂಬಿಕೆಗಳನ್ನು ಪರೀಕ್ಷಿಸಲು ಒಂದು ಸಮಿತಿಯನ್ನೇ ಮಾಡಿದರು. ಈ ಭವಿಷ್ಯಗಳನ್ನು ಕೇಳುವಾಗಲೆಲ್ಲ ನನಗೆ ಅವರ ಖಾದಿ ಜುಬ್ಬ, ಟೋಪಿ ಕಣ್ಣ ಮುಂದೆ ಬರುತ್ತದೆ.

ಲೆಕ್ಕ ಹೇಳುವುದು ಎಷ್ಟು ಜನ ಅನ್ನುವುದನ್ನು. ಯಾರು ಅನ್ನುವುದನ್ನು ಹೇಳುವುದಿಲ್ಲ. ಅದೇ ನೂರರಲ್ಲಿ 85 ಜನ ತೊಂಬತ್ತೊಂದರ ಹುಟ್ಟುಹಬ್ಬಕ್ಕೆ ಪಾಯಸ ಉಣ್ಣುತ್ತಾರಲ್ವಾ?

ಫ್ರಾನ್ಸಿನ ಒಂದು ನಿಜ ಕಥೆ ಇದೆ. ಜಾನ್ ಕಾಲ್ಮಾ ಅನ್ನುವ ಅಜ್ಜಿ. 1965ರಲ್ಲಿ ಅವರಿಗೆ ತೊಂಬತ್ತು. ಒಬ್ಬ ವಕೀಲರು ಅವರ ಮನೆಯ ಮೇಲೆ ಒಪ್ಪಂದ ಮಾಡಿಕೊಂಡರು. ಅಜ್ಜಿ ಇರುವವರೆಗೆ ತಿಂಗಳಿಗೆ 2500 ಫ್ರಾಂಕ್ ಕೊಡುವುದು, ಹೋದ ಮೇಲೆ ಮನೆ ವಕೀಲರದ್ದು. ಇವತ್ತೋ ನಾಳೆಯೋ ಅನ್ನುವ ಲೆಕ್ಕ ಅದು. ವಕೀಲರು ಮೂವತ್ತು ವರ್ಷ ಹಣ ಕಟ್ಟಿ, ಮನೆಯ ಬೆಲೆಯ ಎರಡರಷ್ಟಕ್ಕಿಂತ ಜಾಸ್ತಿ ಕೊಟ್ಟು, 1995ರಲ್ಲಿ ತಾವೇ ತೀರಿಕೊಂಡರು. ಅಜ್ಜಿ 1997ರವರೆಗೆ ಇದ್ದರು, 122 ವರ್ಷ.

ಇನ್ನೊಂದು ಕಡೆ ನೋಡಿ. ನಮ್ಮ ಮಧುಗಿರಿಯ ಸರ್ಜಾ ಮನೆತನದ ಚಿರಂಜೀವಿ ಸರ್ಜಾ 2020ರ ಜೂನ್ 7ರಂದು ಹೋದಾಗ ಮೂವತ್ತೈದು ವರ್ಷ. ಮರುವರ್ಷ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್, ನಲವತ್ತಾರು. ಅವತ್ತು ನಮ್ಮ ಕಚೇರಿಯ ಫೈಲಿನಲ್ಲಿ ಅವರ ಹೆಸರೇ ಇರಲಿಲ್ಲ. ಪುಟ ಕಟ್ಟುವ ಹುಡುಗ ಕೀಬೋರ್ಡಿನ ಮೇಲೆ ತಲೆ ಇಟ್ಟು ಅತ್ತ. ಇನ್ನು ಮಾಲೂರು ಕಡೆಯ ಮಾಸ್ತಿಯವರು ಹುಟ್ಟಿದ್ದು 1891ರ ಜೂನ್ 6. ಹೋಗಿದ್ದು 1986ರ ಜೂನ್ 6. ತೊಂಬತ್ತೈದು ತುಂಬಿದ ಹುಟ್ಟುಹಬ್ಬದ ದಿನವೇ. ಇದನ್ನು ಯಾವ ಪಟ್ಟಿ ಹೇಳಬಲ್ಲದು?

ಸಾವಿನ ಮೇಲೆ ಪಂದ್ಯ ಕಟ್ಟುವ ಚಟ ಹೊಸದಲ್ಲ. ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ತಮಗೆ ಸಂಬಂಧವೇ ಇಲ್ಲದ ದೊಡ್ಡ ಮನುಷ್ಯರ ಮೇಲೆ ವಿಮೆ ಮಾಡಿಸಿ, ಅವರು ಯಾವಾಗ ಹೋಗುತ್ತಾರೋ ಅಂತ ಕಾಯುತ್ತಿದ್ದರು. 1774ರಲ್ಲಿ ಕಾನೂನು ಮಾಡಿ ನಿಲ್ಲಿಸಿದರು. ಇವತ್ತಿಗೂ ದಾರಿಯಲ್ಲಿ ಕಂಡವರ ಮೇಲೆ ನಾವು ವಿಮೆ ಮಾಡಿಸುವ ಹಾಗಿಲ್ಲ. ಅವರು ಬದುಕಿರುವುದರಿಂದ ನಮಗೆ ಒಳಿತಿರಬೇಕು, ಹೋದರೆ ನಷ್ಟವಾಗಬೇಕು. ಆ ಸಂಬಂಧ ಇದ್ದರೆ ಮಾತ್ರ. ಬಹಳ ಒಳ್ಳೆಯ ಕಾನೂನು ಅದು. ಟೀ ಅಂಗಡಿಯ ಹುಡುಗರಿಗೆ ಇದನ್ನೇ ಹೇಳಿದೆ. ಆ ನಟಿ ಹೋದರೆ ನಿಮಗೆ ಹನ್ನೆರಡು ಪಾಯಿಂಟ್ ಲಾಭ. ನಿಮ್ಮಮ್ಮನಿಗೆ? ಒಬ್ಬ ಹುಡುಗ ಮೆಲ್ಲಗೆ, "ನಮ್ಮಮ್ಮ ಅವರ ಪಿಕ್ಚರ್ ಬಂದ್ರೆ ಅಡುಗೆ ಬಿಟ್ಟು ಕೂತ್ಕೊತಾರೆ ಸಾರ್" ಅಂದ.

ಅವಸರದ ಮಾತು ಎಷ್ಟು ದೊಡ್ಡವರನ್ನೂ ಬಿಟ್ಟಿಲ್ಲ. 1979ರ ಮಾರ್ಚ್ 22ರಂದು ಜಯಪ್ರಕಾಶ್ ನಾರಾಯಣ್ ತೀರಿಕೊಂಡರೆಂದು ಪ್ರಧಾನಿ ಮೊರಾರ್ಜಿ ದೇಸಾಯಿಯವರೇ ಲೋಕಸಭೆಯಲ್ಲಿ ಹೇಳಿದರು. ಬಾನುಲಿಯಲ್ಲೂ ಬಂತು. ಜೆ.ಪಿ. ಮುಂಬೈಯ ಆಸ್ಪತ್ರೆಯಲ್ಲಿ ಬದುಕಿದ್ದರು. ಅವರು ಹೋಗಿದ್ದು ಅಕ್ಟೋಬರ್ 8ಕ್ಕೆ. ಆರೂವರೆ ತಿಂಗಳು, ತನ್ನ ಸಾವಿಗೆ ದೇಶ ಅತ್ತಿದ್ದನ್ನು ತಿಳಿದುಕೊಂಡು ಬದುಕಿದ್ದ ಜೀವ ಅದು.

ಹಳ್ಳಿಯಲ್ಲಿ ಕಾಗೆ ತಲೆಗೆ ಬಡಿದರೆ ಅಪಶಕುನ ಅಂತ ನೆಂಟರಿಗೆ ಸುಳ್ಳು ಸಾವಿನ ಸುದ್ದಿ ಮುಟ್ಟಿಸುವ ರೂಢಿ ಇತ್ತು. ಅವರು ಅತ್ತುಬಿಟ್ಟರೆ ದೋಷ ಕಳೆಯಿತು, ಆಯಸ್ಸು ಗಟ್ಟಿಯಾಯಿತು ಅನ್ನುವ ನಂಬಿಕೆ. ಅಲ್ಲಿ ಸುಳ್ಳು ಹೇಳುವುದೂ ಆ ಮನುಷ್ಯ ಉಳಿಯಲಿ ಅಂತಲೇ.

ವಯಸ್ಸಾದವರಿಗೆ ನಮ್ಮ ಮಾತು ಕೇಳಿಸುವುದಿಲ್ಲ ಅಂದುಕೊಳ್ಳುತ್ತೇವೆ. ಕೇಳಿಸುತ್ತದೆ. ನಮ್ಮಜ್ಜಿ ಹಾಸಿಗೆ ಹಿಡಿದಾಗ ನೆಂಟರು ಹಜಾರದಲ್ಲಿ ಕೂತು, "ಕಾರ್ತಿಕ ದಾಟೋದು ಕಷ್ಟ" ಅಂತ ಮಾತಾಡಿಕೊಂಡರು. ಒಳಗಿನಿಂದ ಅಜ್ಜಿಯ ದನಿ ಬಂತು. "ಬಿಡ್ತು ಅನ್ರೋ." ತನ್ನ ವಿಷಯಕ್ಕೇ ತಾನೇ ಹೇಳಿಕೊಳ್ಳಬೇಕಾಯಿತು ಅವಳು. ಆ ಕಾರ್ತಿಕವನ್ನೂ ದಾಟಿದಳು, ಸಂಕ್ರಾಂತಿಯ ಎಳ್ಳನ್ನೂ ತಿಂದಳು. ಆದರೆ ಆ ದನಿ ನನ್ನ ಕಿವಿಯಿಂದ ಹೋಗಿಲ್ಲ.

ಕೊನೆಗೆ ಒಬ್ಬ ಮೇಷ್ಟ್ರ ವಿಷಯ. ಕೊರಟಗೆರೆ ಕಡೆಯವರು. ಹಳ್ಳಿ ಹಳ್ಳಿಗೆ ಹೋಗಿ ಪೌರಾಣಿಕ ನಾಟಕ ಕಲಿಸುತ್ತಿದ್ದ ಡ್ರಾಮಾ ಮೇಷ್ಟ್ರು. ಹಾರ್ಮೋನಿಯಂ ಮುಂದೆ ಕೂತರೆ ಬೆಳಗಿನವರೆಗೂ ಏಳುತ್ತಿರಲಿಲ್ಲ. ಅವರಿಗೆ ಎಂಬತ್ತೆಂಟಾದಾಗ, ಹುಷಾರಿಲ್ಲವಂತೆ, ಮ್ಯಾಟರ್ ರೆಡಿ ಮಾಡಿಟ್ಟುಕೋ ಅಂತ ಕಚೇರಿಯಲ್ಲಿ ಹೇಳಿದರು. ಬರೆದೆ. ಇಸವಿಗಳು ಸರಿ ಇವೆಯೋ ಇಲ್ಲವೋ ಅಂತ ಅವರ ಮನೆಗೇ ಹೋದೆ. ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದರು. ನಾನು ಸುತ್ತಿ ಬಳಸಿ ಏನೇನೋ ಕೇಳಿದೆ. ಅವರು ಸ್ವಲ್ಪ ಹೊತ್ತು ನೋಡಿ, "ಬರೆದಾಗಿದೆ ತಾನೇ? ಕೊಡಯ್ಯ ಇಲ್ಲಿ" ಅಂದರು.

ಕೊಟ್ಟೆ. ಸೊಸೆಯನ್ನು ಕರೆದು ಕನ್ನಡಕ, ಮೊಮ್ಮಗನ ಪೆನ್ಸಿಲ್ಲು ತರಿಸಿಕೊಂಡರು. ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನಿಧಾನಕ್ಕೆ ಓದಿದರು. "ನಾಟಕ ರತ್ನ" ಅಂತ ಬರೆದಿದ್ದನ್ನು ಹೊಡೆದುಹಾಕಿದರು. ತಬಲ ನುಡಿಸುತ್ತಿದ್ದ ಜೊತೆಗಾರನ ಹೆಸರು ಸೇರಿಸಿದರು. ಆಮೇಲೆ ಅಂಚಿನಲ್ಲಿ, ನಡುಗುವ ಅಕ್ಷರದಲ್ಲಿ, ಇನ್ನೊಂದು ಹೆಸರು. "ಯಾರು ಮೇಷ್ಟ್ರೇ ಇವರು?" ಅಂದೆ. "ಪಕ್ಕದೂರಿನ ಟೈಲರ್ರು ಕಣಯ್ಯ. ನಲವತ್ತು ವರ್ಷ ದ್ರೌಪದಿ ಪಾರ್ಟು ಮಾಡಿದಾನೆ. ಹಗಲೆಲ್ಲ ಮಿಷನ್ ತುಳಿಯೋದು, ರಾತ್ರಿ ಸೀರೆ ಉಟ್ಟು ಹಾಡೋದು. ಅವನ ಹೆಸರು ಯಾವ ಪೇಪರ್‌ನಲ್ಲೂ ಬಂದಿಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು. "ಇದನ್ನ ನಾನು ಹೋದ ಮೇಲೇ ಹಾಕ್ಬೇಕಾ? ಅಷ್ಟರಲ್ಲಿ ಅವನೂ ಇರ್ತಾನೋ ಇಲ್ವೋ. ಈಗಲೇ ಹಾಕು. ಓದ್ಲಿ."

ಕಚೇರಿಗೆ ಬಂದು "ಇದ್ದರು"ಗಳನ್ನೆಲ್ಲ "ಇದ್ದಾರೆ" ಮಾಡಿದೆ. ಆ ಭಾನುವಾರ ಅಚ್ಚಾಯಿತು. ಮೇಷ್ಟ್ರು ಆಮೇಲೆ ನಾಲ್ಕು ಯುಗಾದಿ ಕಂಡರು. ಟೈಲರ್ ಎರಡನ್ನೇ ಕಂಡರು.

ಅಚ್ಚಾದ ದಿನ ಮಧ್ಯಾಹ್ನ ಮೇಷ್ಟ್ರ ಮನೆಯಿಂದ ಫೋನ್ ಬಂತು. ಸೊಸೆ ಮಾತಾಡುತ್ತಿದ್ದರು. ಟೈಲರ್ ಬಸ್ಸು ಹಿಡಿದು ಬಂದಿದ್ದಾರಂತೆ, ಪೇಪರನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿನಲ್ಲಿಟ್ಟುಕೊಂಡು. ಊಟ ಆಯಿತಂತೆ. ಹಿಂದಿನಿಂದ ಹಾರ್ಮೋನಿಯಂ ತಿದಿ ಒತ್ತುವ ಸದ್ದು, ಒಂದೆರಡು ಕೆಮ್ಮು, ಆಮೇಲೆ ಒಡೆದ ದನಿಯಲ್ಲಿ ಒಂದು ಆಲಾಪ ಶುರುವಾಯಿತು. "ನೀವೂ ಕೇಳ್ರಿ ಅಣ್ಣ" ಅಂತ ಆ ತಾಯಿ ಫೋನನ್ನು ಅತ್ತ ಹಿಡಿದರು.

ನಮಸ್ಕಾರ.