ವಾಕ್ಯ ಬಾಯಿಪಾಠವಾಗಿರಲಿ

ಪ್ರಿಯ ಕೇಳುಗರಿಗೆ ವಂದನೆಗಳು. ಇವತ್ತು ನಾನು ಹೇಳುವುದು ಒಂದೇ ಮಾತು. ಸತ್ಯವೇದದ, ಅಂದರೆ ಬೈಬಲಿನ, ವಾಕ್ಯಗಳನ್ನು ಬಾಯಿಪಾಠ ಮಾಡಿ. ಈಗಲೇ ಮಾಡಿ.

'ಮೊಬೈಲ್‌ನಲ್ಲೇ ಸತ್ಯವೇದ ಇದೆಯಲ್ಲ, ಪಾಸ್ಟರ್' ಅಂತ ನಮ್ಮ ಯುವಕರು ಹೇಳುತ್ತಾರೆ. ಇದೆ, ಸಂತೋಷ. ಆದರೆ ಐಸಿಯುನಲ್ಲಿ ಮಲಗಿದವರಿಗಾಗಿ ಪ್ರಾರ್ಥನೆ ಮಾಡಲು ನಾನು ಹೋಗುತ್ತಿರುತ್ತೇನೆ. ಕೈಗೆ ಡ್ರಿಪ್ ಹಾಕಿರುತ್ತಾರೆ. ಕನ್ನಡಕ ತೆಗೆದಿಟ್ಟಿರುತ್ತಾರೆ. ಮೊಬೈಲ್ ಹೊರಗೆ ಮನೆಯವರ ಹತ್ತಿರ. ನಾನು ಮೆಲ್ಲಗೆ 'ಯೆಹೋವನು ನನಗೆ ಕುರುಬನು' ಅಂತ ಶುರು ಮಾಡುತ್ತೇನೆ. ಸಂಡೇ ಸ್ಕೂಲಿನಲ್ಲಿ ಕಲಿತವರಾದರೆ, ಮಾಸ್ಕ್ ಒಳಗೇ ತುಟಿ ಅಲ್ಲಾಡುತ್ತದೆ: 'ಕೊರತೆಪಡೆನು.' ಕಲಿಯದವರು ನನ್ನ ಮುಖ ನೋಡುತ್ತಾರೆ, ಅಷ್ಟೇ. ಆ ಹೊತ್ತಿನಲ್ಲಿ ಹೊಸದಾಗಿ ಕಲಿಯುವುದಕ್ಕಾಗುತ್ತದಾ?

ಹೊವರ್ಡ್ ರಟ್ಲೆಜ್ ಅವರ ವಿಷಯ ನಾನು ಹೋದಲ್ಲೆಲ್ಲ ಹೇಳುತ್ತೇನೆ. ಇವರು ಅಮೆರಿಕದ ನೌಕಾಪಡೆಯ ಪೈಲಟ್ ಆಗಿದ್ದರು. 1965ರ ನವೆಂಬರ್‌ನಲ್ಲಿ ಉತ್ತರ ವಿಯೆಟ್ನಾಂನಲ್ಲಿ ಇವರ ವಿಮಾನವನ್ನು ಹೊಡೆದು ಕೆಡವಿದರು. ಬಿಡುಗಡೆಯಾದದ್ದು 1973ರಲ್ಲಿ. ಹನೋಯಿಯ ಜೈಲು, ವರ್ಷಗಟ್ಟಲೆ ಒಂಟಿ ಕೋಣೆ. ಓದಲು ಸತ್ಯವೇದ ಇಲ್ಲ, ಮಾತಾಡಲು ಮನುಷ್ಯರಿಲ್ಲ. ಆಗ ಅವರು ಮಾಡಿದ್ದೇನು? ಚಿಕ್ಕಂದಿನ ಸಂಡೇ ಸ್ಕೂಲಿನ ಹಾಡುಗಳನ್ನೂ ವಾಕ್ಯಗಳನ್ನೂ ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತಾ ಕೂತರು.

ಅಲ್ಲಿನ ಕೈದಿಗಳು ಗೋಡೆ ಬಡಿದು ಮಾತಾಡಿಕೊಳ್ಳುತ್ತಿದ್ದರು. ಇಂಗ್ಲಿಷ್ ಅಕ್ಷರಗಳಲ್ಲಿ 'ಕೆ' ಒಂದನ್ನು ಬಿಟ್ಟು (ಅದರ ಬದಲು 'ಸಿ'), ಉಳಿದದ್ದನ್ನು ಐದೈದರಂತೆ ಐದು ಸಾಲಿನಲ್ಲಿ ಬರೆದುಕೊಂಡಿದ್ದೀರಿ ಅಂದುಕೊಳ್ಳಿ. ಮೊದಲು ಎಷ್ಟನೇ ಸಾಲು ಅಂತ ಬಡಿಯಬೇಕು, ಆಮೇಲೆ ಆ ಸಾಲಿನಲ್ಲಿ ಎಷ್ಟನೇ ಅಕ್ಷರ ಅಂತ. 'ಎ' ಅಂದರೆ ಒಂದು ಏಟು, ಮತ್ತೆ ಒಂದು. 'ಬಿ' ಅಂದರೆ ಒಂದು, ಆಮೇಲೆ ಎರಡು. ಒಂದು ವಾಕ್ಯ ದಾಟಿಸಲು ಎಷ್ಟು ಬಡಿಯಬೇಕು ನೋಡಿ! ಹೀಗೆ ಒಬ್ಬರಿಗೆ ನೆನಪಿದ್ದದ್ದು ಇನ್ನೊಬ್ಬರಿಗೆ ಸಿಗುತ್ತಿತ್ತು. ಎಲ್ಲರಿಗೂ ಮೊದಲು ನೆನಪಿಗೆ ಬರುತ್ತಿದ್ದ ವಾಕ್ಯ ಯೋಹಾನ 3:16 ಅಂತೆ. 'ದೇವರು ಲೋಕದ ಮೇಲೆ ಎಷ್ಟೋ ಪ್ರೀತಿಯನ್ನಿಟ್ಟು...' ನಿಮಗೂ ಮುಂದಿನದು ಬಾಯಿಗೆ ಬಂತು ಅಲ್ವಾ? ಅದರ ಮುಂದಿನ 17, 18ನೇ ವಚನಗಳನ್ನು ಮಾತ್ರ ರಟ್ಲೆಜ್ ಜೊತೆಗಾರನೊಬ್ಬನ ಸಹಾಯದಿಂದ ಜೋಡಿಸಿಕೊಳ್ಳಬೇಕಾಯಿತು. ಇನ್ನೂ ಜಾಸ್ತಿ ವಾಕ್ಯ ಕಲಿಯಬೇಕಿತ್ತು ಅಂತ ರಟ್ಲೆಜ್ ಆಮೇಲೆ ಬಹಳ ನೊಂದುಕೊಂಡರು. ಸಂಡೇ ಸ್ಕೂಲ್ ಟೀಚರುಗಳೇ, ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಮಕ್ಕಳಿಗೆ ಬಣ್ಣ ಹಚ್ಚುವ ಚಿತ್ರ ಕೊಡಿ, ಬೇಡ ಅನ್ನುವುದಿಲ್ಲ. ಆದರೆ ಒಂದು ವಾಕ್ಯ ಒಪ್ಪಿಸದೆ ಯಾವ ಮಗುವನ್ನೂ ಮನೆಗೆ ಕಳಿಸಬೇಡಿ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಅಡವಿಯಲ್ಲಿ ಸೈತಾನನು ಶೋಧಿಸಿದಾಗ ಯೇಸುಸ್ವಾಮಿ ಕೊಟ್ಟ ಮೂರು ಉತ್ತರಗಳೂ ಹಳೆ ಒಡಂಬಡಿಕೆಯ ಧರ್ಮೋಪದೇಶಕಾಂಡದ ವಾಕ್ಯಗಳು. ಕೈಯಲ್ಲಿ ಸುರುಳಿ ಹಿಡಿದು ಓದಿದ್ದಲ್ಲ. ಶಿಲುಬೆಯ ಮೇಲೂ ಅವರ ಬಾಯಿಂದ ಬಂದದ್ದು ಕೀರ್ತನೆಯ ಮಾತೇ. ಇನ್ನು 119ನೇ ಕೀರ್ತನೆ. 176 ವಚನ ಇದೆ ಅಂತ ಹೆದರುತ್ತೀರಿ. ಅದು ಹೀಬ್ರುವಿನ 22 ಅಕ್ಷರಗಳ ಕ್ರಮದಲ್ಲಿದೆ, ಒಂದೊಂದು ಅಕ್ಷರದಿಂದ ಶುರುವಾಗುವ ಎಂಟೆಂಟು ವಚನ. ಅಕ್ಷರ ಹಿಡಿದು ಹೋದರೆ ವಚನ ತಾನಾಗಿ ನೆನಪಿಗೆ ಬರಲಿ ಅಂತಲೇ ಹಾಗೆ ಕಟ್ಟಿದ್ದು ಅನ್ನುವುದು ನನ್ನ ನಂಬಿಕೆ.

ಕಲಿಯುವುದು ಹೇಗೆ? ವಾರಕ್ಕೆ ಒಂದೇ ವಾಕ್ಯ ಸಾಕು. ಗಟ್ಟಿಯಾಗಿ ಹೇಳಿ, ಸುಮ್ನೆ ಕಣ್ಣಾಡಿಸಿದರೆ ನಿಲ್ಲುವುದಿಲ್ಲ. ಅಧ್ಯಾಯ, ವಚನದ ಸಂಖ್ಯೆಯನ್ನು ಮೊದಲೂ ಹೇಳಿ, ಕೊನೆಗೂ ಹೇಳಿ. ಪಾತ್ರೆ ತೊಳೆಯುವಾಗ ಹೇಳಿ, ಬಸ್ಸಿಗೆ ಕಾಯುವಾಗ ಹೇಳಿ. ಹಳೆಯ ವಾಕ್ಯ ಬಿಟ್ಟು ಹೊಸದಕ್ಕೆ ಹೋಗಬೇಡಿ, ಎರಡನ್ನೂ ಸೇರಿಸಿ ಹೇಳಿ. ವಯಸ್ಸಾಯಿತು ಅನ್ನಬೇಡಿ. ಮೊಮ್ಮಕ್ಕಳ ಫೋನ್ ನಂಬರ್ ನಿಮಗೆ ಬಾಯಲ್ಲಿದೆ, ನನಗೆ ಗೊತ್ತು.

ಈ ವಾರದ ವಾಕ್ಯ ಬರೆದುಕೊಳ್ಳಿ. ಕೀರ್ತನೆ 119:11. 'ನಿನಗೆ ವಿರುದ್ಧವಾಗಿ ಪಾಪಮಾಡದಂತೆ ನಿನ್ನ ನುಡಿಗಳನ್ನು ನನ್ನ ಹೃದಯದಲ್ಲಿಟ್ಟುಕೊಂಡಿದ್ದೇನೆ.' ಕೀರ್ತನೆ 119:11. ಭಾನುವಾರ ಆರಾಧನೆಗೆ ಹೊರಡುವ ಮುಂಚೆ ಮನೆಯವರೆಲ್ಲ ಒಬ್ಬರಿಗೊಬ್ಬರು ಒಪ್ಪಿಸಿ. ಅಪ್ಪಂದಿರು ಮೊದಲು. ನಮಸ್ಕಾರ.